ಸೆರಗಿನ ಗಂಟಿನ ಓಮ

ಒಂದಾನೊಂದು ಕಾಲ, ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲ. ಕಣ್ಣು ಮುಚ್ಚಿಕೊಂಡು ಕೇಳು, ಹ್ಞೂ ಅನ್ನೋದನ್ನ ಮಾತ್ರ ಮರೀಬೇಡ. ಆಗ ಕೆಮ್ಮಣ್ಣಿನ ಸೀಮೆಯಲ್ಲಿ, ಕೆರೆಯ ಕೆಳಗಿನ ಒಂದೂರಲ್ಲಿ ದೊಡ್ಡೀರಮ್ಮ ಅಂತ ಒಬ್ಬಳು ಯಜಮಾನಿ ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಕಾಟಯ್ಯ, ಜುಂಜಯ್ಯ, ಮೂಡ್ಲಗಿರಿ. ಕಾಳಿನ ವಾಡೆ ತುಂಬ ರಾಗಿ, ಹಟ್ಟಿ ತುಂಬ ಕುರಿ, ಆದರೆ ದೊಡ್ಡೀರಮ್ಮನ ಮನಸ್ಸು ತುಂಬ ಅನುಮಾನ. ಹಾಲು ಒಡೆದರೆ ಯಾರ ಕಣ್ಣು ಬಿತ್ತು ಅನ್ನೋಳಂತೆ, ಒಡೆಯದಿದ್ದರೆ ಇದಕ್ಕೆ ಏನು ಬೆರೆಸಿದರು ಅನ್ನೋಳಂತೆ. ನೆಂಟರು ಬಂದರೆ ಯಾಕೆ ಬಂದರು ಅಂತ, ಬರದಿದ್ದರೆ ಯಾಕೆ ಬರಲಿಲ್ಲ ಅಂತ. ದೊಡ್ಡ ಸೊಸೆ ನಕ್ಕರೆ ನನ್ನನ್ನೇ ನೋಡಿ ನಕ್ಕಳು ಅಂತ, ನಡುವಿನ ಸೊಸೆ ನಗದಿದ್ದರೆ ಒಳಗೆ ಏನೋ ಬಚ್ಚಿಟ್ಟಿದ್ದಾಳೆ ಅಂತ. ಆ ಇಬ್ಬರೂ ಪಕ್ಕದ ಊರಿನವರೇ ಆದ್ದರಿಂದ ಅತ್ತೆಯ ಗುಣ ಮೊದಲೇ ಕೇಳಿಕೊಂಡು ಬಂದಿದ್ದರಂತೆ, ಈ ಕಿವಿಯಲ್ಲಿ ತಗೊಂಡು ಆ ಕಿವಿಯಲ್ಲಿ ಬಿಟ್ಟು ಹಾಯಾಗಿದ್ದರಂತೆ.

ಆಮೇಲೆ ಒಂದು ವರ್ಷ ಕೊನೆಯ ಮಗ ಮೂಡ್ಲಗಿರಿ ಕುರಿ ಹೊಡ್ಕೊಂಡು ಬಡಗ ದಿಕ್ಕಿಗೆ, ಎರೆಮಣ್ಣಿನ ಸೀಮೆಗೆ ಹೋದನಂತೆ. ಅಲ್ಲಿಯ ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಂಡು ಗೊಬ್ಬರ ಮಾಡ್ಕೋತಾರೆ, ಕುರಿಯವನಿಗೆ ಕಾಳು ಕೊಡ್ತಾರೆ. ಹೋದವನು ಕಾಳಿನ ಜೊತೆಗೆ ಒಬ್ಬಳು ಹೆಂಡತಿಯನ್ನೂ ಕರ್ಕೊಂಡು ಬಂದನಂತೆ. ಪಾರವ್ವ ಅಂತ ಅವಳ ಹೆಸರು. ಕಣ್ಣು ಹೊಳಪು, ಮಾತು ಬೇರೆ. ಇಲ್ಲಿಯವರು ಬನ್ನಿ ಅಂದರೆ ಅವಳು ಬರ್ರಿ ಅನ್ನೋಳು, ಇಲ್ಲಿಯವರು ಅತ್ತೆ ಅಂದರೆ ಅವಳು ಅತ್ತೀ ಅನ್ನೋಳು. ಆರತಿ ಎತ್ತಿ ಒಳಗೆ ಕರ್ಕೊಳ್ಳೋವಾಗಲೇ ದೊಡ್ಡೀರಮ್ಮನ ಕಣ್ಣು ಅವಳ ಸೆರಗಿನ ಮೂಲೆಗೆ ಹೋಯ್ತಂತೆ. ಅಲ್ಲೊಂದು ಗಂಟು. ನಿಂಬೆಹಣ್ಣಿನಷ್ಟು ಗಂಟು.

ಏನಮ್ಮ ಅದು ಅಂತ ಕೇಳಿದರೆ ಪಾರವ್ವ ತಲೆ ತಗ್ಗಿಸಿ, ಏನಿಲ್ರಿ ಅತ್ತೀ, ಅವ್ವ ಕಟ್ಟಿ ಕೊಟ್ಟದ್ದು, ಅಂದಳಂತೆ. ಅಷ್ಟೇ.

ಆ ಗಂಟಲ್ಲಿ ಏನಿತ್ತು, ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನಗೆ ಮಾತ್ರ ಹೇಳ್ತೀನಿ. ಅದರಲ್ಲಿ ಓಮ ಇತ್ತು. ನಿನಗೆ ಹೊಟ್ಟೆ ನೋವು ಬಂದಾಗ ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕ್ತೀನಲ್ಲ, ಘಾಟು ಅಂತ ಮುಖ ಕಿವುಚ್ತೀಯಲ್ಲ, ಅದೇ ಓಮ. ಆ ಕಾಲದಲ್ಲಿ ಕೆಮ್ಮಣ್ಣಿನ ಸೀಮೆಯಲ್ಲಿ ಅದನ್ನ ಯಾರೂ ಕಂಡಿರಲಿಲ್ಲವಂತೆ, ಅವರ ಒಗ್ಗರಣೆಗೆ ಸಾಸಿವೆ ಜೀರಿಗೆ ಬಿಟ್ಟರೆ ಇನ್ನೊಂದಿಲ್ಲ. ಪಾರವ್ವನ ಸೀಮೆಯಲ್ಲಿ ಒಂದು ಪದ್ಧತಿ. ಮಗಳನ್ನ ದೂರದ ಊರಿಗೆ ಕೊಟ್ಟರೆ ತಾಯಿ ಸೆರಗಿನ ಮೂಲೆಯಲ್ಲಿ ಓಮ ಕಟ್ಟಿ ಕಳಿಸ್ತಾಳೆ. ಮಳೆ ಹಿಂದಾದ ಮೇಲೆ ಮಗಳು ಅದನ್ನ ಗಂಡನ ಮನೆಯ ಹಿತ್ತಲಲ್ಲಿ ಬಿತ್ತಬೇಕು. ಯಾಕೆ ಬಿತ್ತಿದೆ ಅಂತ ಆ ಮನೆಯವರಿಗೆ ಹೇಳಬಾರದು. ಹೇಳಿದರೆ ಅವರು ಕನಿಕರಕ್ಕೆ ನೀರು ಹಾಕಿಬಿಡ್ತಾರಲ್ಲ, ಆ ಮಣ್ಣಿಗೆ ಇವಳು ನಿಜವಾಗಿ ಬೇಕೋ ಬೇಡವೋ ಗೊತ್ತಾಗೋದು ಹೇಗೆ? ಸುಗ್ಗಿ ಹೊತ್ತಿಗೆ ಅಣ್ಣನಾದವನು ಬಂದು ನೋಡ್ತಾನೆ. ಓಮ ಬೆಳೆದು ನಿಂತಿದ್ದರೆ ಹೊಸ ಬೀಜ ಒಂದು ಹಿಡಿ ತಗೊಂಡು ತಾಯಿಗೆ ತೋರಿಸೋಕೆ ಒಬ್ಬನೇ ವಾಪಸ್ ಹೋಗ್ತಾನೆ. ಹುಟ್ಟದೇ ಇದ್ದರೆ, ಈ ಮಣ್ಣು ನಿನ್ನನ್ನ ಒಲ್ಲೆ ಅಂದಿದೆ ತಾಯಿ, ನಡೆ ಅಂತ ತಂಗಿಯನ್ನ ಕರ್ಕೊಂಡು ಹೋಗಿಬಿಡ್ತಾನೆ. ಗಂಡ ಅತ್ತರೂ ಇಲ್ಲ, ಹೆಂಡತಿ ಅತ್ತರೂ ಇಲ್ಲ. ಪಾರವ್ವನಿಗೆ ಮೂಡ್ಲಗಿರಿ ಅಂದರೆ ಪ್ರಾಣ. ಆ ಗಂಟನ್ನ ಮಲಗೋವಾಗಲೂ ಮುಷ್ಟಿಯಲ್ಲಿ ಹಿಡ್ಕೊಂಡೇ ಮಲಗೋಳಂತೆ.

ಆಮೇಲೆ ಏನಾಯ್ತು, ಅಡುಗೆಯ ಸರದಿ ಪಾರವ್ವನಿಗೆ ಬಂತು. ಅವಳು ಗಂಟು ಬಿಚ್ಚಿ ಎರಡು ಬೆರಳಿಗೆ ಸಿಗೋವಷ್ಟು ತೆಗೆದು ಅವರೆಕಾಳು ಸಾರಿನ ಒಗ್ಗರಣೆಗೆ ಹಾಕಿದಳಂತೆ. ದೊಡ್ಡ ಮಗ ಕಾಟಯ್ಯನಿಗೆ ಅವರೆಕಾಳು ಅಂದರೆ ಆಸೆ, ಆದರೆ ಉಂಡರೆ ಹೊಟ್ಟೆ ತಮಟೆ ಆಗೋದು. ಅವತ್ತು ಮೂರು ಮುದ್ದೆ ಉಂಡ, ಹೊಟ್ಟೆ ಸದ್ದೇ ಮಾಡಲಿಲ್ಲ. ಮಾರನೇ ದಿನ ಹೊಲದಿಂದ ಬಂದವನೇ, ಇವತ್ತು ಯಾರ ಅಡುಗೆ ಅಂತ ಕೇಳಿದನಂತೆ. ನಡುವಿನವನು ಜುಂಜಯ್ಯ, ಊಟದಲ್ಲಿ ಯಾವತ್ತೂ ಕೊಂಕು ತೆಗೆಯೋನು, ತಟ್ಟೆ ನೆಕ್ಕಿದನಂತೆ. ಸೊಸೆಯರು ಸಹ ಪಾರವ್ವನ ಸುತ್ತ ಸುತ್ತೋಕೆ ಶುರು ಮಾಡಿದರಂತೆ.

ದೊಡ್ಡೀರಮ್ಮ ಒಲೆಯ ಪಕ್ಕದ ಗೋಡೆಗೆ ಒರಗಿ ಇದನ್ನೆಲ್ಲ ನೋಡಿದಳು. ಇದು ಮದ್ದೇ ಸರಿ ಅಂದ್ಕೊಂಡಳಂತೆ. ಗಂಡಸರನ್ನ ಕೈಯಲ್ಲಿ ಇಟ್ಕೊಳ್ಳೋಕೆ ಕೆಟ್ಟ ಹೆಂಗಸರು ಅನ್ನದಲ್ಲಿ ಮದ್ದು ಹಾಕ್ತಾರೆ ಅಂತ ಆ ಕಾಲದವರು ನಂಬಿದ್ದರು. ಮೊದಲು ನನ್ನ ಮೂಡ್ಲನನ್ನ ಅಲ್ಲಿ ಮಂದೆಯಲ್ಲೇ ಹಿಡಿದಳು, ಈಗ ಉಳಿದವರನ್ನ ಹಿಡೀತಿದ್ದಾಳೆ, ನಾಳೆ ನನ್ನ ಸೊಂಟದ ಬೀಗದ ಕೈ ಹಿಡೀತಾಳೆ. ಅವತ್ತಿಂದ ದೊಡ್ಡೀರಮ್ಮ ಪಾರವ್ವ ಮಾಡಿದ್ದು ಒಂದು ತುತ್ತೂ ಬಾಯಿಗಿಡಲಿಲ್ಲ. ಹಲ್ಲು ನೋವು ಅಂತ ಹೇಳಿ, ಹುರಿಗಡಲೆ ಬೆಲ್ಲ ಮಡಿಲಿಗೆ ಹಾಕ್ಕೊಂಡು ಮೂಲೆಯಲ್ಲಿ ಕಟುಂ ಕಟುಂ ಅಂತ ತಿನ್ನೋಳಂತೆ. ಹಲ್ಲು ನೋವಿನವಳು ಹುರಿಗಡಲೆ ಹೇಗೆ ತಿಂತಾಳೆ ಅಂತ ಯಾರೂ ಕೇಳಲಿಲ್ಲ, ಕೇಳಿದರೆ ಅದಕ್ಕೊಂದು ಅನುಮಾನ.

ಆದರೆ ಪರೀಕ್ಷೆ ಮಾಡದೆ ಹೇಳಬಾರದಲ್ಲ. ಮೊದಲು ಬೆಕ್ಕಿಗೆ ಹಾಕಿ ನೋಡೋಣ ಅಂತ ಪಾರವ್ವನ ಸಾರಲ್ಲಿ ಮುದ್ದೆ ಹಿಸುಕಿ ಮನೆಯ ಬೆಕ್ಕಿನ ಮುಂದೆ ಇಟ್ಟಳಂತೆ. ಬೆಕ್ಕು ಮೂಸಿತು, ಸೀನಿತು, ಅದರ ಮೇಲೆ ಪೂರ್ತಿ ತಿಂದು ಮೀಸೆ ಒರೆಸಿಕೊಂಡು ಮಲಗಿತು. ಸಾಯಲಿಲ್ಲ. ಆದರೆ ಎದ್ದ ಮೇಲೆ ದೊಡ್ಡೀರಮ್ಮನ ಕಾಲ ಹತ್ತಿರ ಬರದೆ ಸೀದಾ ಪಾರವ್ವನ ಹಿಂದೆ ಹೋಯ್ತಂತೆ. ನೋಡಿದಾ, ಬೆಕ್ಕನ್ನೂ ಹಿಡಿದಳು, ಅಂದ್ಕೊಂಡಳು ದೊಡ್ಡೀರಮ್ಮ.

ಆಮೇಲೆ ಎರಡನೇ ಪರೀಕ್ಷೆ. ಪಾರವ್ವನನ್ನ ಎದುರಿಗೆ ಕೂರಿಸಿಕೊಂಡು, ಮೊದಲು ನೀನು ತಿನ್ನು, ನಾನು ನೋಡ್ತೀನಿ ಅಂದಳಂತೆ. ಪಾಪ, ಅತ್ತೆಗೆ ನನ್ನ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡು ಆ ಹುಡುಗಿ ಕೂತು ಹೊಟ್ಟೆ ತುಂಬ ಉಂಡಳಂತೆ, ಇನ್ನೊಂದು ಸೌಟು ಹಾಕ್ಕೊಂಡು ಉಂಡಳಂತೆ. ದೊಡ್ಡೀರಮ್ಮ ಅವಳ ಕಣ್ಣು, ಗಂಟಲು, ಬೆರಳು ಎಲ್ಲ ನೋಡ್ತಾ ಕೂತಳು. ಏನೂ ಆಗಲಿಲ್ಲ. ಹಾಕಿದವಳಿಗೆ ತೆಗೆಯೋದೂ ಗೊತ್ತಿರುತ್ತೆ, ಮೊದಲೇ ಏನೋ ನುಂಗಿ ಬಂದಿದ್ದಾಳೆ ಅಂತ ತೀರ್ಮಾನ ಮಾಡಿದಳಂತೆ.

ಆಮೇಲೆ ಮೂರನೇದಕ್ಕೆ ಗುಡ್ಡದ ಕೆಂಚಮ್ಮನ ಹತ್ತಿರ ಹೋದಳು. ಕೆಂಚಮ್ಮ ಮದ್ದು ತೆಗೆಯೋಳು. ಯಾವುದೋ ಸೊಪ್ಪಿನ ರಸವನ್ನ ಅಂಗೈಗೆ ಹಿಂಡ್ತಾಳೆ, ರಸ ಗಟ್ಟಿಯಾದರೆ ಮದ್ದು ತಿಂದಿದ್ದೀಯ ಅಂತ ಅರ್ಥ. ದೊಡ್ಡೀರಮ್ಮನ ಅಂಗೈಗೆ ಹಿಂಡಿದಳು, ರಸ ಮೊಸರಿನ ಹಾಗೆ ಗಟ್ಟಿಯಾಯ್ತು. ಅಯ್ಯೋ, ನಿನ್ನ ಹೊಟ್ಟೆ ತುಂಬ ಮದ್ದಿದೆ ಕಣಮ್ಮ ಅಂದಳಂತೆ. ದೊಡ್ಡೀರಮ್ಮ ಯೋಚನೆ ಮಾಡಿದಳು, ನಾನು ಅವಳ ಕೈಯಡುಗೆ ಒಂದಗುಳೂ ತಿಂದಿಲ್ಲವಲ್ಲ. ಈ ಕೆಂಚಮ್ಮನ ಮೇಲೂ ಅವಳಿಗೆ ಅನುಮಾನ ಬಂತು. ಬಂದರೂ ಉಪಾಯ ಮಾತ್ರ ಕೇಳ್ಕೊಂಡು ಬಂದಳಂತೆ. ಅವಳ ಗಂಟಲ್ಲಿರೋದನ್ನ ಅವಳಿಗೆ ಗೊತ್ತಾಗದ ಹಾಗೆ ಕಾದ ಹೆಂಚಿನ ಮೇಲೆ ಹುರಿದು, ಹಾಗೇ ಗಂಟು ಹಾಕಿಡು, ಮದ್ದಿನ ಜೀವ ಹೋಗುತ್ತೆ, ಅನ್ನೋದು ಉಪಾಯ.

ಪಾರವ್ವ ಹಬ್ಬದ ಸೀರೆ ಉಟ್ಟು ದಿನದ ಸೀರೆ ಒಗೆಯೋಕೆ ಹಾಕಿದ ದಿನ, ಗಂಟನ್ನ ಬಿಚ್ಚಿ ಒಂದು ಬಟ್ಟೆಚೂರಿಗೆ ಕಟ್ಟಿ ಗೋಡೆಯ ಮಾಡದಲ್ಲಿಟ್ಟು ಕೆರೆಗೆ ಹೋದಳಂತೆ. ಅದೇ ಸಮಯ ಅಂತ ದೊಡ್ಡೀರಮ್ಮ ಅದನ್ನ ತೆಗೆದಳು. ಬಿಚ್ಚಿ ನೋಡಿದರೆ ಸಣ್ಣ ಸಣ್ಣ ಕಾಳು, ಬೂದುಬಣ್ಣ, ಮೈಮೇಲೆ ಗೆರೆ, ಒಂದು ಚೂರು ನವಿರು. ಮೂಗಿನ ಹತ್ತಿರ ತಂದರೆ ನೆತ್ತಿಗೆ ಹೊಡೆಯೋ ಘಾಟು. ಹುರಿಯೋದಕ್ಕೆ ಮೊದಲು ಅವಳ ಅನುಮಾನಕ್ಕೆ ಇನ್ನೊಂದು ಹೊಳೀತು. ನಾಳೆ ಊರ ಹಿರಿಯರ ಮುಂದೆ ಮಾತು ಬಂದರೆ ಸಾಕ್ಷಿ ಬೇಡವಾ? ಅದಕ್ಕೆ ಒಂದು ಚಿಟಿಕೆ ಹಸಿ ಕಾಳನ್ನ ತೆಗೆದು ತನ್ನ ಎಲೆಯಡಿಕೆ ಚೀಲದ ಒಳಜೇಬಿಗೆ ಹಾಕ್ಕೊಂಡಳು. ಉಳಿದದ್ದನ್ನ ಹೆಂಚಿಗೆ ಸುರಿದಳು.

ಸುರಿದದ್ದೇ ತಡ, ಎಂಥ ಪರಿಮಳ ಅಂತೀಯ! ಅಡುಗೆಮನೆ ತುಂಬಿ, ನಡುಮನೆ ತುಂಬಿ, ಜಗಲಿಗೆ ಬಂತಂತೆ. ಹುರಿಗಡಲೆ ತಿಂದು ತಿಂದು ಹೊಟ್ಟೆ ಉಬ್ಬರಿಸಿಕೊಂಡಿದ್ದ ದೊಡ್ಡೀರಮ್ಮನ ಬಾಯಲ್ಲಿ ನೀರೂರಿತು. ಬೇಡ ಬೇಡ ಅಂದ್ಕೊಂಡೇ ನಾಲ್ಕು ಕಾಳು ನಾಲಿಗೆ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಒಂದು ತೇಗು ಬಂತು, ಹೊಟ್ಟೆ ಹಗುರಾಯ್ತು. ಹಗುರಾದದ್ದೇ ಅವಳಿಗೆ ಭಯ ಆಯ್ತಂತೆ. ಸಿಕ್ಕಿಬಿದ್ದೆ ನಾನೂ ಅಂತ ಗಬಕ್ಕನೆ ಕಾಳೆಲ್ಲ ಬಟ್ಟೆಗೆ ಸುರಿದು, ಮೊದಲಿನ ಹಾಗೇ ಗಂಟು ಹಾಕಿ ಮಾಡದಲ್ಲಿಟ್ಟಳು. ಪಾರವ್ವ ಬರೋ ಹೊತ್ತಿಗೆ ಪರಿಮಳ ಆರಿತ್ತು, ಬಿತ್ತೋಕೆ ಉಳೀಲಿ ಅಂತ ಅವಳು ಆ ಗಂಟನ್ನ ಮತ್ತೆ ಬಿಚ್ಚಲೂ ಇಲ್ಲ.

ಆಮೇಲೆ ಮಳೆ ಹಿಂದಾಯ್ತು. ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಪಾರವ್ವ ಹಿತ್ತಲಿಗೆ ಹೋದಳಂತೆ. ಹುಲ್ಲಿನ ಬಣವೆಯ ಹಿಂದೆ ದೊಡ್ಡೀರಮ್ಮ. ಪಾರವ್ವ ಬೇಲಿಯ ಹತ್ತಿರ ಮಣ್ಣು ಕೆದಕಿ ಪುಡಿ ಮಾಡಿದಳು, ಗಂಟನ್ನ ಒಣ ಮರಳಿಗೆ ಕೊಡವಿ ಬೆರೆಸಿದಳು, ಬೆರಳ ಸಂದಿಯಿಂದ ಉದುರಿಸಿದಳು, ಹೊಂಗೆಯ ಕೊಂಬೆಯಿಂದ ಮೆಲ್ಲಗೆ ಗುಡಿಸಿದಳು, ಕೈಯಲ್ಲೇ ನೀರು ಚಿಮುಕಿಸಿದಳು, ತುಟಿ ಅಲ್ಲಾಡಿಸಿ ಏನೋ ಹೇಳ್ಕೊಂಡಳು. ದೊಡ್ಡೀರಮ್ಮ ಒಳಗೊಳಗೇ ನಕ್ಕಳಂತೆ. ಹೂತಿಡ್ತೀಯಾ ಮದ್ದನ್ನ? ಇಡು ಇಡು, ಜೀವ ಮೊದಲೇ ತೆಗೆದಿದ್ದೀನಿ.

ಹುಟ್ಟುತ್ತಾ ಅದು? ಹುರಿದ ಕಾಳು ಎಲ್ಲಾದರೂ ಹುಟ್ಟುತ್ತಾ? ಪಾರವ್ವ ದಿನಾ ಬೆಳಿಗ್ಗೆ ಎದ್ದು ಹೋಗಿ ನೋಡೋಳು, ದಿನಾ ಕೆಮ್ಮಣ್ಣು ಖಾಲಿ. ಹತ್ತಿರದಿಂದ ನೋಡೋಳು, ಬಗ್ಗಿ ನೋಡೋಳು. ಗಂಟಲ್ಲಿ ಓಮ ಮುಗಿದು ಹೋಗಿತ್ತು, ಕಾಟಯ್ಯನ ಹೊಟ್ಟೆ ಮತ್ತೆ ತಮಟೆ ಆಯ್ತು, ಜುಂಜಯ್ಯ ಮತ್ತೆ ಕೊಂಕು ಶುರು ಮಾಡಿದ. ದೊಡ್ಡೀರಮ್ಮನಿಗೆ ಗೆದ್ದೆ ಅನ್ನಿಸಿತು. ಆದರೆ ಆ ಹುಡುಗಿ ಒಣಗ್ತಾ ಬಂದಳು. ಕೆನ್ನೆ ಒಳಗೆ ಹೋಯ್ತು, ಬರ್ರಿ ಅನ್ನೋ ಮಾತೂ ನಿಂತಿತು. ಬಳೆ ಮೊಣಕೈಗೆ ಜಾರ್ತಿತ್ತಂತೆ. ಇದೇನಪ್ಪ ಹೊಸ ನಾಟಕ ಅಂತ ದೊಡ್ಡೀರಮ್ಮ ಮತ್ತೆ ಬಣವೆಯ ಹಿಂದೆ ಹೋಗಿ ನಿಂತಳು.

ಪಾರವ್ವ ಬೆಕ್ಕನ್ನ ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡ್ತಿದ್ದಳಂತೆ. ಮನೆಯವರಿಗೆ ಹೇಳಬಾರದು ಅಂತ ತಾಯಿ ಹೇಳಿದ್ದು, ಬೆಕ್ಕಿಗೆ ಹೇಳಬಾರದು ಅಂತ ಹೇಳಿರಲಿಲ್ಲವಲ್ಲ. ಓಮ ಬಿತ್ತಿದ್ದು, ಹುಟ್ಟದಿದ್ದರೆ ಅಣ್ಣ ಬಂದು ಕರ್ಕೊಂಡು ಹೋಗೋದು, ಎಲ್ಲ ಹೇಳಿಕೊಂಡಳಂತೆ. ನಿಮ್ಮ ಮಣ್ಣು ನನ್ನ ಒಲ್ಲೆ ಅಂತೈತಿ, ನಾ ಹೋದಮ್ಯಾಗ ಅತ್ತಿ ಹಲ್ಲುನೋವಿಗೆ ಯಾರರ ಲವಂಗ ಕೊಡ್ರಿ ಅಂತ ಹೇಳು, ಅಂದಳಂತೆ. ಅಂದು ಬೆಕ್ಕಿನ ಕುತ್ತಿಗೆಗೆ ಮುಖ ಇಟ್ಟು ಅತ್ತಳಂತೆ.

ಬಣವೆಯ ಹಿಂದೆ ದೊಡ್ಡೀರಮ್ಮ ಹುಲ್ಲು ಹಿಡ್ಕೊಂಡು ನಿಂತೇ ಇದ್ದಳು. ಮೊದಲು ಅನುಮಾನವೇ ಬಂತು, ನಾನು ಇಲ್ಲಿದ್ದೀನಿ ಅಂತ ಗೊತ್ತಿದ್ದೇ ಹೇಳ್ತಿದ್ದಾಳಾ ಅಂತ. ಆದರೆ ಬೆಕ್ಕು ಅವಳ ಕಣ್ಣೀರು ನೆಕ್ಕೋದನ್ನ ನೋಡಿದಳು. ಹುಟ್ಟಿದಾಗಿಂದ ಬಿತ್ತಿ ಬೆಳೆದ ಕೈ ಅವಳದು, ಹುರಿದ ಕಾಳು ಹುಟ್ಟೋದಿಲ್ಲ ಅಂತ ಅವಳಿಗೆ ಹೇಳಿಕೊಡಬೇಕಾ? ಅವಳ ಕೈ ತಾನಾಗೇ ಎಲೆಯಡಿಕೆ ಚೀಲಕ್ಕೆ ಹೋಯ್ತಂತೆ. ಒಳಜೇಬಲ್ಲಿ ಸಾಕ್ಷಿಗೆ ಇಟ್ಟ ಹಸಿ ಕಾಳು ಹಾಗೇ ಇತ್ತು.

ಮಾರನೇ ದಿನ ಎಲ್ಲರೂ ಹೊಲಕ್ಕೆ ಹೋದ ಮೇಲೆ ದೊಡ್ಡೀರಮ್ಮ ಹಿತ್ತಲಿಗೆ ಇಳಿದಳು. ಅತ್ತಿತ್ತ ನೋಡಿದಳು, ಬೇಲಿಯ ಆಚೆಯೂ ನೋಡಿದಳು. ಚಿಟಿಕೆ ಕಾಳನ್ನ ಮೂರು ಪಾಲು ಮಾಡಿ, ಒಂದು ಪಾಲನ್ನ ಅವರೆ ಊರೋ ಹಾಗೆ ಬೆರಳುದ್ದ ಗುಂಡಿ ತೋಡಿ ಒತ್ತಿದಳಂತೆ. ಅಷ್ಟು ಆಳದಿಂದ ಆ ಪುಟ್ಟ ಬೀಜ ಹೇಗೆ ಮೇಲೆ ಬರುತ್ತೆ? ಬರಲಿಲ್ಲ. ಆಮೇಲೆ ಎರಡನೇ ಪಾಲನ್ನ ಮಣ್ಣಿನ ಮೇಲೇ ಚೆಲ್ಲಿದಳು. ಪಕ್ಕದ ಮನೆಯ ಕೋಳಿ ಬಂದು ಕೊಕ್ ಕೊಕ್ ಅಂತ ಹೆಕ್ಕಿಕೊಂಡು ಹೋಯ್ತು. ಆ ಕೋಳಿಯನ್ನ ಯಾರೋ ಬೇಕೂಂತಲೇ ಬಿಟ್ಟಿದ್ದಾರೆ ಅಂತ ದೊಡ್ಡೀರಮ್ಮ ಪಕ್ಕದ ಮನೆಯವರ ಹತ್ತಿರ ಎರಡು ದಿನ ಮಾತು ಬಿಟ್ಟಳಂತೆ.

ಮೂರನೇ ಪಾಲು ಉಳಿಯಿತು. ಅದೇ ಕೊನೆ. ಚೀಲವನ್ನ ತಿರುವಿ ಕೊಡವಿದಳು, ಕಾಳಿನ ಜೊತೆ ಅಡಿಕೆ ಚೂರು, ಒಣಗಿದ ಸುಣ್ಣ ಎಲ್ಲ ಉದುರಿತು. ಆಗ ಪಾರವ್ವ ಮಾಡಿದ್ದನ್ನ ಒಂದೊಂದೇ ನೆನಪು ಮಾಡ್ಕೊಂಡಳು. ಬಚ್ಚಲ ಕಲ್ಲಿನ ಪಕ್ಕ ಮಣ್ಣು ಪುಡಿ ಮಾಡಿದಳು, ಮರಳು ಬೆರೆಸಿದಳು, ಉದುರಿಸಿದಳು, ಹೊಂಗೆ ಕೊಂಬೆಯಲ್ಲಿ ಗುಡಿಸಿದಳು, ನೀರು ಚಿಮುಕಿಸಿದಳು, ಮೇಲೆ ಮುಳ್ಳು ಮುಚ್ಚಿದಳು. ಹುಡುಗಿ ಏನು ಹೇಳ್ಕೊಂಡಳು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ತನಗೆ ಬಂದದ್ದನ್ನೇ ಹೇಳಿದಳಂತೆ, ಹುಟ್ಟು, ಹುಟ್ಟದೇ ಇದ್ದರೆ ನೋಡು ನಿನಗೆ.

ಹೆದರಿಕೆಗೋ ಏನೋ, ಹುಟ್ಟಿತು. ನೂಲಿನ ಎಳೆಯಂಥ ಹಸಿರು, ಸಬ್ಬಸಿಗೆ ಸೊಪ್ಪಿನ ಹಾಗೆ.

ಮೊದಲು ನೋಡಿದ್ದು ಪಾರವ್ವನೇ. ಎಲೆ ತಿಕ್ಕಿ ಮೂಸಿದಳು, ಓಮವೇ. ಕುಣಿಯೋಕೆ ಕಾಲೆತ್ತಿದವಳು ಹಾಗೇ ನಿಂತಳಂತೆ. ನಾನು ಬಿತ್ತಿದ್ದು ಬೇಲಿಯ ಹತ್ತಿರ, ಇದು ಹುಟ್ಟಿರೋದು ಬಚ್ಚಲ ಹತ್ತಿರ. ಈಗ ಅನುಮಾನದ ಸರದಿ ಅವಳದಾಯ್ತು. ದೊಡ್ಡ ಸೊಸೆಯನ್ನ ಓರೆಗಣ್ಣಲ್ಲಿ ನೋಡಿದಳು, ನಡುವಿನವಳನ್ನ ನೋಡಿದಳು, ಕಟ್ಕೊಂಡ ಗಂಡನನ್ನೂ ಬಿಡಲಿಲ್ಲ. ಆಮೇಲೆ ಬೇಲಿಯ ಹತ್ತಿರ ತನ್ನ ಜಾಗ ಕೆದಕಿ ಒಂದು ಕಾಳು ಹೆಕ್ಕಿ ನೋಡಿದರೆ ಅದು ಕಂದುಬಣ್ಣ. ಕಚ್ಚಿದರೆ ಹುರಿದ ರುಚಿ. ಬಚ್ಚಲ ಹತ್ತಿರದ ಸಸಿಯ ಬುಡದಲ್ಲಿ ನೋಡಿದರೆ ಒಂದು ಅಡಿಕೆ ಚೂರು. ಆ ಮನೆಯಲ್ಲಿ ಅಡಿಕೆ ಹಾಕೋ ಬಾಯಿ ಒಂದೇ.

ದೊಡ್ಡೀರಮ್ಮ ಜಗಲಿಯ ಮೇಲೆ ಕಾಲು ಚಾಚಿ ಎಲೆಗೆ ಸುಣ್ಣ ಸವರ್ತಾ ಇದ್ದಳಂತೆ. ಪಾರವ್ವ ಬಂದು ಎದುರಿಗೆ ಕೂತು, ಆ ಅಡಿಕೆ ಚೂರನ್ನ ಅವಳ ಮುಂದೆ ಇಟ್ಟಳು. ಪಕ್ಕದಲ್ಲಿ ಆ ಕಂದುಕಾಳನ್ನೂ ಇಟ್ಟಳು.

ಅತ್ತೀ, ಹುರಿದ ಕಾಳು ಹುಟ್ಟಂಗಿಲ್ಲರಿ, ಅಂದಳು.

ದೊಡ್ಡೀರಮ್ಮ ಎಲೆಯನ್ನ ಕೆಳಗಿಟ್ಟಳು. ಆಮೇಲೆ ಅಂದಳಂತೆ, ನೀನು ಬಿತ್ತುತ್ತೀಯ ಅಂತ ಯಾರಿಗೆ ಗೊತ್ತಿತ್ತು ಕಣೆ. ತಿನ್ನಿಸ್ತೀಯ ಅಂದ್ಕೊಂಡಿದ್ದೆ.

ಪಾರವ್ವ ಒಳಗೆ ಹೋಗಿ ಚೊಂಬಲ್ಲಿ ನೀರು ತಂದು, ಅತ್ತೆಯ ಕೈ ಹಿಡಿದೆಬ್ಬಿಸಿ, ಬರ್ರಿ ಅಂದಳಂತೆ. ಅವತ್ತಿಂದ ಸಸಿಗೆ ಇಬ್ಬರೂ ಸೇರಿ ನೀರು ಹಾಕಿದರಂತೆ. ಅದು ಮೊಣಕಾಲು ದಾಟಿ, ಸೊಂಟಕ್ಕೆ ಬಂದು, ಪುಟ್ಟ ಪುಟ್ಟ ಬಿಳಿ ಕೊಡೆ ಬಿಚ್ಚಿದ ಹಾಗೆ ಹೂ ಬಿಟ್ಟಿತಂತೆ. ಕೊಡೆ ಒಣಗಿ ಕಾಳಾಯ್ತಂತೆ.

ಆಮೇಲೆ ಸುಗ್ಗಿ ಹೊತ್ತಿಗೆ ಪಾರವ್ವನ ಅಣ್ಣ ಬಂದ. ಯಲಗೂರ ಅಂತ ಅವನ ಹೆಸರು, ತಲೆಗೆ ದೊಡ್ಡ ರುಮಾಲು, ಮಾತು ಕಡಿಮೆ. ಸೀದಾ ಹಿತ್ತಲಿಗೆ ಹೋದ, ತೆನೆ ತಿಕ್ಕಿ ಮೂಸಿದ, ತಲೆಯಾಡಿಸಿದ. ನೀನೇ ಬಿತ್ತಿದ್ದೇನವ್ವ ತಂಗಿ ಅಂತ ಕೇಳಿದನಂತೆ. ದೊಡ್ಡೀರಮ್ಮ ಹ್ಞೂ ಅನ್ನೇ ಹುಡುಗಿ ಅಂತ ಕಣ್ಣಲ್ಲೇ ಹೇಳಿದಳು. ಪಾರವ್ವ ಅಣ್ಣನಿಗೆ ಸುಳ್ಳು ಹೇಳೋಳಲ್ಲ. ನಾ ಬಿತ್ತಿದ್ದು ಹುಟ್ಟಲಿಲ್ಲಣ್ಣ, ಇದು ನಮ್ಮತ್ತಿ ಬಿತ್ತಿದ್ದು, ಅಂದಳು.

ಯಲಗೂರ ರುಮಾಲು ತೆಗೆದು ತಲೆ ಕೆರ್ಕೊಂಡ. ಇಂಥದ್ದು ಅವನ ಸೀಮೆಯಲ್ಲಿ ಯಾವತ್ತೂ ಆಗಿರಲಿಲ್ಲ. ಮೂಡ್ಲಗಿರಿ ಏನೂ ತಿಳಿಯದೆ ಗೋಡೆ ಹಿಡ್ಕೊಂಡು ನಿಂತಿದ್ದ, ಕಾಟಯ್ಯ ಜುಂಜಯ್ಯ ಬಾಯಿ ಬಿಟ್ಕೊಂಡಿದ್ದರು. ನೀವ್ಯಾಕ ಬಿತ್ತಿದ್ರಿ ಯಜಮಾನ್ತಿ ಅಂತ ಅವನು ಕೇಳಿದನಂತೆ.

ದೊಡ್ಡೀರಮ್ಮ ಸೊಂಟಕ್ಕೆ ಕೈ ಕೊಟ್ಟು ಅಂದಳು, ಇವಳು ಹೋದರೆ ನಾನು ಯಾರನ್ನಪ್ಪ ಅನುಮಾನ ಪಡ್ಲಿ? ಉಳಿದ ಇಬ್ಬರಿಗೆ ನನ್ನ ಮಾತು ಕಿವಿಗೇ ಹೋಗಲ್ಲ. ಇವಳೊಬ್ಬಳೇ ಅಳೋದು, ಇವಳೊಬ್ಬಳೇ ಎದುರಿಗೆ ಬಂದು ಕೂತು ಕೇಳೋದು.

ಅಂದವಳೇ ಸೆರಗಿಂದ ಕಣ್ಣೊರೆಸಿಕೊಂಡಳಂತೆ. ಅದನ್ನ ಮುಚ್ಚೋಕೆ ಕೆಮ್ಮಿದಳಂತೆ.

ಯಲಗೂರ ತಂಗಿಯ ಮುಖ ನೋಡಿದ. ಅವಳು ಅಣ್ಣನನ್ನ ನೋಡ್ತಿರಲಿಲ್ಲ, ಅತ್ತೆಯ ಬೆನ್ನು ತಡವ್ತಿದ್ದಳು. ಅವನು ರುಮಾಲು ನೆಲಕ್ಕೆ ಹಾಸಿ, ನಮ್ಮವ್ವಗ ತೋರಸ್ಬೇಕು, ಒಂದು ಹಿಡಿ ಹಾಕ್ರಿ, ಅಂದನಂತೆ. ದೊಡ್ಡೀರಮ್ಮ ಹಿಡಿ ತುಂಬ ಓಮ ತೆಗೆದಳು. ರುಮಾಲಿಗೆ ಹಾಕೋದಕ್ಕೆ ಮೊದಲು, ತಾಳು, ಮೊದಲು ನೀನು ನಾಲ್ಕು ಕಾಳು ತಿಂದು ತೋರಿಸು, ಆಮೇಲೆ ಇದು ಓಮ ಅಲ್ಲ ಅಂತ ಅಲ್ಲಿ ಹೋಗಿ ಹೇಳಿದರೆ? ಅಂದಳಂತೆ. ಮನೆಯೆಲ್ಲ ನಕ್ಕಿತು. ಅವನು ತಿಂದ, ಒಬ್ಬನೇ ಹೋದ.

ಅವತ್ತು ಪಾರವ್ವ ಹೊಸ ಓಮ ಹಾಕಿ ಅವರೆಕಾಳು ಸಾರು ಮಾಡಿದಳಂತೆ. ದೊಡ್ಡೀರಮ್ಮ ಮಡಿಲ ಹುರಿಗಡಲೆಯನ್ನ ಪಕ್ಕದ ಮನೆಯ ಕೋಳಿಗೆ ಚೆಲ್ಲಿ ಬಂದು ತಟ್ಟೆ ಮುಂದೆ ಕೂತಳು. ಮೂಸಿದಳು. ಪಾರವ್ವನನ್ನ ಕರೆದು, ಮೊದಲು ನೀನು ತಿನ್ನು, ಅಂದಳು. ಪಾರವ್ವ ಅದೇ ತಟ್ಟೆಯಿಂದ ಒಂದು ತುತ್ತು ತಗೊಂಡಳು, ಆಮೇಲೆ ದೊಡ್ಡೀರಮ್ಮ ತಗೊಂಡಳು, ಹಾಗೇ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರಂತೆ. ಬದುಕಿರೋವರೆಗೂ ದಿನಾ ಹಾಗೇನೇ. ನೋಡಿದ ಜನ, ಮುದುಕಿಗೆ ಇನ್ನೂ ಅನುಮಾನ ಹೋಗಿಲ್ಲ ನೋಡು ಅನ್ನೋರಂತೆ. ಅನ್ನಲಿ ಬಿಡು. ತಟ್ಟೆಯ ಪಕ್ಕ ಕೂತ ಬೆಕ್ಕಿಗೆ ನಿಜ ಗೊತ್ತಿತ್ತು.

ಅವರು ಅಲ್ಲಿ ಉಂಡು ಸುಖವಾಗಿದ್ದಾರೆ, ಆ ಓಮ ಹಿತ್ತಲಿಂದ ಹಿತ್ತಲಿಗೆ ಹೋಗಿ ಆ ಸೀಮೆಯೆಲ್ಲ ಹಬ್ಬಿದೆ. ಬೀಜ ಮಣ್ಣಿಗೆ ಸೇರಿತು, ಕತೆ ನಿನ್ನ ಕಣ್ಣಿಗೆ ಸೇರಿತು. ಹ್ಞೂ ಅನ್ನೋದು ನಿಂತೇಹೋಯ್ತಲ್ಲ. ಮಲಕ್ಕೋ.